ಗೋಡೆ ಕೆರೆಯುವ ಮೊದಲು ನೀರಿನ ದಾರಿ ನೋಡಿ

ಹಳೆ ಮನೆಯಲ್ಲಿ ಇದ್ದುಕೊಂಡೇ ಅದನ್ನು ರಿಪೇರಿ ಮಾಡಿಕೊಂಡ ನಮ್ಮ ಕಥೆ ಈಚೆಗೆ ಇದೇ ಪುಟದಲ್ಲಿ ಬಂದಿತ್ತು. ನಾನು, ನಮ್ಮವರು, ಕಾಲೇಜಿಗೆ ಹೋಗುವ ಮಗ, ರಜೆಯಲ್ಲಿ ಬಂದ ತಂಗಿಯ ಮಕ್ಕಳು ಸೇರಿ ಮಾಡಿದ ಕೆಲಸ ಅದು. ಮೇಸ್ತ್ರಿಯನ್ನು ಕರೆದದ್ದು ನಮ್ಮ ಕೈಲಾಗದ ಕೆಲಸಕ್ಕೆ ಮಾತ್ರ. ಅದನ್ನು ಓದಿದವರಿಂದ ಪ್ರಶ್ನೆಗಳು ಬರುತ್ತಲೇ ಇವೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಅಡೂರಿನವರೆಗೆ ಎಲ್ಲರ ಮನೆಯ ಗೋಡೆಯೂ ಒದ್ದೆ ಅಂತ ಕಾಣುತ್ತದೆ. ಗೊತ್ತಿದ್ದಷ್ಟು ಹೇಳುತ್ತೇನೆ. ನಾನು ಇಂಜಿನಿಯರ್ ಅಲ್ಲ. ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿದ್ದರೆ ನನಗೆ ಬರೆಯುತ್ತಾ ಕೂರಬೇಡಿ, ತಿಳಿದವರನ್ನು ಕರೆಸಿ ತೋರಿಸಿ.

ಪ್ರಶ್ನೆ: ನಮ್ಮದು ಮಾವನ ಕಾಲದ ಮುರಕಲ್ಲಿನ ಮನೆ. ಗೋಡೆ ಮೊಣಕಾಲಿನ ಎತ್ತರದವರೆಗೆ ಯಾವಾಗಲೂ ಒದ್ದೆ. ಬಣ್ಣ ಹೊಪ್ಪಳೆ ಏಳುತ್ತದೆ, ಬಿಳಿ ಹುಡಿ ಉದುರುತ್ತದೆ. ಹಿಂದಿನ ವರ್ಷ ಹಳೆ ಸಾರಣೆ ಕೆತ್ತಿಸಿ ಸಿಮೆಂಟ್ ಸಾರಣೆ ಮಾಡಿಸಿದೆವು, ಮೇಲಿಂದ ಡ್ಯಾಂಪ್ ಪ್ರೂಫ್ ಬಣ್ಣವನ್ನೂ ಹೊಡೆದೆವು. ಈ ಮಳೆಗಾಲದಲ್ಲಿ ಒದ್ದೆ ಸೊಂಟದವರೆಗೆ ಏರಿದೆ! ನಾವೇ ಸರಿ ಮಾಡಿಕೊಳ್ಳಬಹುದಾ ಅಕ್ಕ? — ಬದಿಯಡ್ಕದ ಓದುಗರು

ಉತ್ತರ: ಮಾಡಿಕೊಳ್ಳಬಹುದು. ಆದರೆ ಕೆಲಸ ಶುರುವಾಗಬೇಕಾದ್ದು ಗೋಡೆಯಲ್ಲಲ್ಲ, ಅಂಗಳದಲ್ಲಿ.

ಮೊದಲು ಲೆಕ್ಕ ನೋಡಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಸಾವಿರ ಚದರಡಿಯ ಮಾಡು (ಛಾವಣಿ) ಇದ್ದರೆ ಅದರ ಮೇಲೆ ಬೀಳುವ ನೀರು ಮೂರು ಲಕ್ಷ ಲೀಟರಿಗೂ ಜಾಸ್ತಿ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಹೋಗುತ್ತದೆ. ಇಷ್ಟೂ ನೀರು ನಿಮ್ಮ ಮಾಡಿನ ಅಂಚಿನಿಂದ ಗೋಡೆಯ ಬುಡಕ್ಕೇ ಬೀಳುತ್ತಿದೆ. ಹಳೆಯ ಮನೆಗಳ ಪಂಚಾಂಗದ (ಅಡಿಪಾಯದ) ಮೇಲೆ ಈಗಿನ ಹಾಗೆ ಕಾಂಕ್ರೀಟ್ ಬೆಲ್ಟ್ ಇಲ್ಲ. ಮುರಕಲ್ಲು ತೂತು ತೂತಿನ ಕಲ್ಲು, ನೀರನ್ನು ಸುಲಭದಲ್ಲಿ ಕುಡಿಯುತ್ತದೆ. ನೆಲದ ನೀರು ಕಲ್ಲಿನ ಒಳಗಿಂದಲೇ ಮೇಲೆ ಏರುತ್ತದೆ. ಜತೆಗೆ ಮಣ್ಣಿನ ಉಪ್ಪನ್ನೂ ತರುತ್ತದೆ. ನೀರು ಆರಿದಾಗ ಹೊರಗೆ ಉಳಿಯುವ ಉಪ್ಪೇ ನೀವು ನೋಡಿದ ಬಿಳಿ ಹುಡಿ.

ಹಿಂದೆ ಈ ಗೋಡೆಗಳಿಗೆ ಸುಣ್ಣದ ಸಾರಣೆ ಇತ್ತು. ಏರಿದ ನೀರು ಅದರ ಮೂಲಕ ಹೊರಗೆ ಆರಿ ಹೋಗುತ್ತಿತ್ತು. ನೀವು ಸಿಮೆಂಟ್ ಹಾಕಿಸಿ, ಮೇಲಿಂದ ಪ್ಲಾಸ್ಟಿಕ್ಕಿನಂಥ ಬಣ್ಣ ಬಳಿದು ಆ ಬಾಗಿಲು ಮುಚ್ಚಿದಿರಿ. ನೀರಿಗೆ ಆರುವ ಜಾಗ ಬೇಕು. ಮೊಣಕಾಲಲ್ಲಿ ಸಿಗದಿದ್ದರೆ ಸೊಂಟದವರೆಗೆ ಏರಿ ಹುಡುಕುತ್ತದೆ. ಬಣ್ಣದ ಡಬ್ಬಿಯ ಮೇಲೆ ಎಷ್ಟು ವರ್ಷದ ಗ್ಯಾರಂಟಿ ಬರೆದಿದ್ದರೂ ಅಷ್ಟೇ.

ನೆಲದಿಂದ ಏರುವ ಒದ್ದೆ ಸಾಮಾನ್ಯವಾಗಿ ಸೊಂಟದಿಂದ ಮೇಲೆ ಹೋಗುವುದು ಕಡಿಮೆ. ನಿಮ್ಮ ಗೋಡೆ ತಲೆಯ ಎತ್ತರದಲ್ಲೂ ಒದ್ದೆ ಇದ್ದರೆ ಅದು ಬೇರೆ ಕಥೆ. ಒಡೆದ ಹಂಚು ಅಥವಾ ಗೋಡೆಯೊಳಗಿನ ಪೈಪ್ ಹುಡುಕಿ. ಸಂಶಯ ಇದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದ ಹಾಗೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಮೈಯಲ್ಲಿ ಕಟ್ಟಿದ್ದರೆ ಅದು ಕೋಣೆಯ ಗಾಳಿಯ ತೇವ. ಕೋಣೆಯೊಳಗೆ ಬಟ್ಟೆ ಒಣಗಿಸುವುದನ್ನು ನಿಲ್ಲಿಸಿ, ಕಿಟಕಿ ತೆರೆದಿಡಿ. ಅರ್ಧ ಕಾಯಿಲೆ ಅಲ್ಲೇ ಗುಣವಾಗುತ್ತದೆ.

ಈಗ ಅಂಗಳಕ್ಕೆ ಬನ್ನಿ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಅರ್ಧ ಅಡಿಯಾದರೂ ತಗ್ಗಿನಲ್ಲಿ ಇರಬೇಕು. ವರ್ಷ ವರ್ಷ ಮಣ್ಣು ಹಾಕಿ, ಈಚೆಗೆ ಇಂಟರ್‌ಲಾಕ್ ಹಾಕಿ ಅಂಗಳವನ್ನು ಜಗಲಿಯ ಸಮಕ್ಕೆ ತಂದವರು ಬಹಳ ಜನ ಇದ್ದಾರೆ. ಕಾರು ನೇರ ಜಗಲಿಗೆ ಬರುತ್ತದೆ, ನಿಜ. ನೀರೂ ಬರುತ್ತದೆ. ಇಂಟರ್‌ಲಾಕ್ ಬೇಕೇ ಬೇಕು ಅನ್ನುವವರು ಗೋಡೆಯ ಹತ್ತಿರದ ಎರಡು ಅಡಿಯನ್ನಾದರೂ ಬಿಟ್ಟು ಹಾಕಿ. ಇಳಿಜಾರು ಮನೆಯಿಂದ ಆಚೆಗೆ ಇರಲಿ. ಗೋಡೆಯ ಉದ್ದಕ್ಕೂ ಸಣ್ಣ ಚರಂಡಿ ತೆಗೆದು ಜಲ್ಲಿ ತುಂಬಿ, ತೋಟದ ಕಡೆ ಬಿಡಿ. ಪಂಚಾಂಗದ ಅಡಿಗಿಂತ ಆಳಕ್ಕೆ ಮಾತ್ರ ಅಗೆಯಬೇಡಿ. ಮಾಡಿನ ಅಂಚಿಗೆ ದಂಬೆ ಕಟ್ಟಿ. ಅಡಿಕೆ ಮರದ ದಂಬೆಯಾದರೂ ಆದೀತು, ಪಿವಿಸಿ ಪೈಪನ್ನು ಸೀಳಿದರೂ ಆದೀತು. ಇಷ್ಟನ್ನು ಮಳೆಗೆ ಮೊದಲು ಮಾಡಿ, ಒಂದು ಮಳೆಗಾಲ ಗೋಡೆಯನ್ನು ಮುಟ್ಟದೆ ಸುಮ್ನೆ ನೋಡಿ. ಇದು ಯಾರಿಗೂ ಇಷ್ಟವಾಗದ ಸಲಹೆ ಅಂತ ನನಗೆ ಗೊತ್ತು.

ಮುಂದಿನ ಜನವರಿಯಲ್ಲಿ ಗೋಡೆಗೆ ಕೈ ಹಾಕಿ. ಒದ್ದೆಯ ಗೆರೆಗಿಂತ ಒಂದು ಅಡಿ ಮೇಲಿನವರೆಗೆ ಸಿಮೆಂಟನ್ನು ಉಳಿ ಸುತ್ತಿಗೆಯಲ್ಲಿ ಮೆಲ್ಲ ಕೆತ್ತಿ. ಕಲ್ಲು ಮೆದು, ಡ್ರಿಲ್ ಮೆಶಿನ್ ಬೇಡ. ಉಪ್ಪಿನ ಹುಡಿಯನ್ನು ಒಣ ಬ್ರಶ್‌ನಲ್ಲೇ ಗುಡಿಸಿ ಹೊರಗೆ ಬಿಸಾಡಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಪುನಃ ಕಲ್ಲಿನ ಒಳಗೇ ಹೋಗುತ್ತದೆ. ಒಂದೆರಡು ತಿಂಗಳು ಕಲ್ಲು ಹಾಗೇ ಗಾಳಿಗೆ ಇರಲಿ. ನೆಂಟರು ಬಂದು ಏನಾದರೂ ಅಂದರೆ ಅನ್ನಲಿ.

ಆಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಹೊಯ್ಗೆ (ಮರಳು). ಕಡಲಿನ ಹೊಯ್ಗೆ ಬೇಡ, ಅದರಲ್ಲೇ ಉಪ್ಪು ಇದೆ. ಸುಣ್ಣವನ್ನು ಒಂದೆರಡು ವಾರ ನೀರಿನಲ್ಲಿ ಮುಳುಗಿಸಿಟ್ಟು ಬಳಸಿ. ಬೆಣ್ಣೆಯ ಹಾಗೆ ಬರುತ್ತದೆ, ಕರಣೆಗೆ ಚೆನ್ನಾಗಿ ಕೂರುತ್ತದೆ. ಒಂದೇ ಸಲ ದಪ್ಪಕ್ಕೆ ಬಳಿಯಬೇಡಿ. ಒಂದು ಪದರ ಸುಮಾರು ಎಂಟು ಹತ್ತು ಮಿಲಿಮೀಟರ್ ಸಾಕು. ಅದು ಬಿಗಿಯಾದ ಮೇಲೆ ಇನ್ನೊಂದು. ಬಳಿಯುವ ಮೊದಲು ಕಲ್ಲಿಗೆ ನೀರು ಚಿಮುಕಿಸಿ, ಬಳಿದ ಮೇಲೆ ಒಂದು ವಾರ ಒದ್ದೆ ಗೋಣಿ ತೂಗಿಸಿ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ನಿಧಾನಕ್ಕೆ ಹೀರಿಕೊಂಡು. ಸಿಮೆಂಟಿನ ಅವಸರ ಅದಕ್ಕಿಲ್ಲ. ಹಳಬರು ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಎಲ್ಲ ಸೇರಿಸುತ್ತಿದ್ದರು. ಸೇರಿಸದಿದ್ದರೂ ನಡೆಯುತ್ತದೆ. ಕೊನೆಗೆ ಸುಣ್ಣವನ್ನೇ ಬಳಿಯಿರಿ. ಎಮಲ್ಶನ್ ಹೊಡೆದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಒಂದು ಎಚ್ಚರಿಕೆ. ಸುಡದ ಸುಣ್ಣ ಅಂತ ಯಾವುದೂ ಇಲ್ಲ, ಎಲ್ಲವೂ ಚರ್ಮ ಸುಡುತ್ತದೆ. ಅರಳಿಸದ ಸುಣ್ಣದ ಕಲ್ಲು ತಂದರೆ ನೀರು ಹಾಕಿದ ಕೂಡಲೇ ಕುದಿದು ಹಾರುತ್ತದೆ. ಮಕ್ಕಳನ್ನು ದೂರ ಇಡಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಹಾಕಿ. ಕಣ್ಣಿಗೆ ಬಿದ್ದರೆ ಉಜ್ಜದೆ ಧಾರಾಳ ನೀರಿನಲ್ಲಿ ತೊಳೆಯುತ್ತಾ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಇವರು ಗಲ್ಫ್‌ನಿಂದ ಏಪ್ರಿಲ್, ಮೇ ಎರಡು ತಿಂಗಳ ರಜೆಗೆ ಬರುತ್ತಾರೆ. ಅಡುಗೆಕೋಣೆ, ಟಾಯ್ಲೆಟ್, ಹಂಚಿನ ಮಾಡು ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಆದಷ್ಟು ನಾವೇ ಮಾಡುವುದು ಅಂತ ಇವರ ಪ್ಲಾನು. ಮನೆಯಲ್ಲಿ ವಯಸ್ಸಾದ ಅತ್ತೆ, ಇಬ್ಬರು ಸಣ್ಣ ಮಕ್ಕಳು. ಬಾಡಿಗೆ ಮನೆಗೆ ಹೋಗುವ ಹಾಗಿಲ್ಲ. ಬದುಕಿ ಉಳಿಯುವುದು ಹೇಗೆ? — ಉಪ್ಪಳದ ಗೃಹಿಣಿ

ಉತ್ತರ: ಅವರ ಉತ್ಸಾಹಕ್ಕೆ ತಣ್ಣೀರು ಎರಚುವುದು ನನ್ನ ಉದ್ದೇಶ ಅಲ್ಲ. ಆದರೆ ಈ ಮೂರರಲ್ಲಿ ಒಂದನ್ನು ಬಿಡಲೇಬೇಕು. ಟಾಯ್ಲೆಟ್ ಮುಂದಿನ ರಜೆಗೆ ಇರಲಿ.

ಒಂದು ಒಲೆ, ಒಂದು ನಲ್ಲಿ, ಒಂದು ಟಾಯ್ಲೆಟ್, ಧೂಳು ಬಾರದ ಒಂದು ಕೋಣೆ. ಈ ನಾಲ್ಕು ಯಾವತ್ತೂ ನಡೆಯುತ್ತಿರಬೇಕು. ಒಂದು ನಿಂತರೂ ಮೂರನೇ ದಿನಕ್ಕೆ ಮನೆಯಲ್ಲಿ ಜಗಳ. ಧೂಳಿಲ್ಲದ ಕೋಣೆ ಅತ್ತೆಯವರದ್ದೇ ಆಗಲಿ. ಕೆಲಸ ನಡೆಯುವ ಕಡೆಯಿಂದ ಅದು ಆದಷ್ಟು ದೂರ ಇರಲಿ. ಅವರ ಮದ್ದು, ಮಕ್ಕಳ ಪುಸ್ತಕ, ಆಧಾರ್, ರೇಷನ್ ಕಾರ್ಡು, ಚಿನ್ನ ಎಲ್ಲ ಅಲ್ಲಿಗೇ ಹೋಗಲಿ. ಬಾಗಿಲಿಗೆ ಹಳೆ ಬೆಡ್‌ಶೀಟನ್ನು ಒದ್ದೆ ಮಾಡಿ ತೂಗಿಸಿ. ಒಣಗಿದ ಹಾಗೆ ಪುನಃ ಒದ್ದೆ ಮಾಡಿ. ಒಳಗೆ ಹೋಗುವ ಮೊದಲು ಚಪ್ಪಲಿ ಹೊರಗೆ ಬಿಡುವ ನಿಯಮ ಗಂಡಸರಿಗೂ ಅನ್ವಯ.

ಅಡುಗೆಯನ್ನು ಹಿಂದಿನ ಜಗಲಿಗೆ ಸಾಗಿಸಿ. ನಾವೂ ಹಾಗೇ ಮಾಡಿದ್ದೆವು. ಗ್ಯಾಸ್ ಒಲೆಗೆ ಗಾಳಿ ಹೊಡೆಯುತ್ತದೆ, ಮೂರು ಕಡೆ ತಗಡು ಕಟ್ಟಬೇಕು. ಸಿಲಿಂಡರ್ ನೇರ ನಿಂತಿರಲಿ. ಗ್ರೈಂಡರಿನಲ್ಲಿ ಕಬ್ಬಿಣ ಕತ್ತರಿಸುವ ಕಿಡಿ ಹಾರುವ ಕಡೆ ಅದು ಇರಲೇಬಾರದು. ನಮ್ಮತ್ತೆ ಮೊದಲ ದಿನವೇ ಹೆರೆಮಣೆ, ಮೆಟ್ಟುಕತ್ತಿ ತೆಗೆದುಕೊಂಡು ಜಗಲಿಯ ಮೂಲೆಯಲ್ಲಿ ಕೂತುಬಿಟ್ಟರು. ಕೆಲಸ ಮುಗಿಯುವವರೆಗೂ ಆ ಜಾಗ ಬಿಟ್ಟುಕೊಡಲಿಲ್ಲ. ಅಲ್ಲಿಂದ ಎಲ್ಲರ ಕೆಲಸವೂ ಕಾಣುತ್ತದಲ್ವಾ! ಅಡುಗೆ ಅಂದರೆ ಗಂಜಿ, ಚಟ್ನಿ, ಉಪ್ಪಿನಕಾಯಿ, ಹಪ್ಪಳ. ವಾರಕ್ಕೊಂದು ಸಲ ಹೋಟೆಲಿನಿಂದ ತರಿಸಿ, ಲೆಕ್ಕಕ್ಕೆ ಅದನ್ನೂ ಸೇರಿಸಿ. ರಿಪೇರಿಯ ಬಜೆಟ್ಟಿನಲ್ಲಿ ಊಟದ ಖರ್ಚು ಬರೆಯುವವರನ್ನು ನಾನು ನೋಡಿದ್ದೇ ಕಡಿಮೆ.

ಸಮಯದ ವಿಷಯ. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1. ಅದಕ್ಕೂ ಮೊದಲೇ ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ಹೊಡೆಯುತ್ತದೆ. ಹಾಗಾಗಿ ಅವರು ಬಂದ ಮರುದಿನವೇ ಮಾಡು ಶುರುವಾಗಲಿ. ಒಟ್ಟು ಮಾಡನ್ನು ಬಿಚ್ಚಬೇಡಿ. ಸಂಜೆಯೊಳಗೆ ಮುಚ್ಚಲು ಆಗುವಷ್ಟೇ ಬಿಚ್ಚಿ. ಟಾರ್ಪಾಲು ಮತ್ತು ಹಗ್ಗ ಏಣಿಯ ಬುಡದಲ್ಲೇ ಇರಲಿ. ಮಳೆ ಬಂದ ಮೇಲೆ ಅಟ್ಟದಲ್ಲಿ ಹುಡುಕಿದರೆ ಆಗುವುದಿಲ್ಲ. ಮಾಡು ಮುಗಿದ ಮೇಲೆ ಅಡುಗೆಕೋಣೆ. ಅದು ಒಳಗಿನ ಕೆಲಸ, ಮಳೆ ಬಂದರೂ ನಡೆಯುತ್ತದೆ.

ಟೈಲ್ಸ್ ಕತ್ತರಿಸುವುದನ್ನು ಅಂಗಳದಲ್ಲೇ ಮಾಡಿ, ಬ್ಲೇಡಿಗೆ ನೀರು ಬಿಡುತ್ತಾ ಮಾಡಿ. ಆ ಬಿಳಿ ಧೂಳಿನಲ್ಲಿ ಸಿಲಿಕಾ ಇದೆ. ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಉಳಿಯುತ್ತದೆ. ಮೂಗಿಗೆ ಲುಂಗಿ ಕಟ್ಟಿದರೆ ಸಾಲದು, ಎನ್-95 ಮಾಸ್ಕ್ ತನ್ನಿ. ಸಂಜೆ ಒಳಗೆ ಗುಡಿಸುವಾಗ ಒದ್ದೆ ಮಾಡಿದ ಮರದ ಹುಡಿ ಚೆಲ್ಲಿ ಗುಡಿಸಿ, ಧೂಳು ಏಳುವುದಿಲ್ಲ. ಮಿಲ್ಲಿನಲ್ಲಿ ಕೇಳಿದರೆ ಒಂದು ಗೋಣಿ ಕೊಡುತ್ತಾರೆ.

ಕೆಲಸಕ್ಕೆ ಜನ ಕರೆದರೆ ಇನ್ನೊಂದು ಮಾತು. ನಮ್ಮಲ್ಲಿ ಮೇಸ್ತ್ರಿಗೆ ತುಳುವಿನಲ್ಲಿ, ಅಂಗಡಿಯವರಿಗೆ ಮಲಯಾಳದಲ್ಲಿ, ಕೆಲಸದ ಹುಡುಗರಿಗೆ ಅರೆಬರೆ ಹಿಂದಿಯಲ್ಲಿ ಹೇಳಬೇಕು. ಬಾಯಿಮಾತನ್ನು ನಂಬಬೇಡಿ. ಸಿಂಕ್ ಎಲ್ಲಿ, ನಲ್ಲಿ ಎಷ್ಟು ಎತ್ತರ, ಕಟ್ಟೆ ಎಲ್ಲಿಯವರೆಗೆ ಅನ್ನುವುದನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೇ ಬರೆಯಿರಿ. ಕಟ್ಟೆಯ ಎತ್ತರ ನೀವು ನಿಂತು ನೋಡಿ ಹೇಳಿ. ಅಡುಗೆ ಮಾಡುವವರು ನೀವು, ಮೇಸ್ತ್ರಿ ಅಲ್ಲ.

ಪ್ರಶ್ನೆ: ಹಂಚಿನ ಮಾಡು ಅಲ್ಲಲ್ಲಿ ಸೋರುತ್ತದೆ. ಪಕ್ಕಾಸಿಗೆ (ಮಾಡಿನ ಇಳಿಜಾರು ಮರಕ್ಕೆ) ಅಲ್ಲಲ್ಲಿ ಒರಲೆ (ಗೆದ್ದಲು) ಹಿಡಿದಿದೆ. ಕೆಲಸದವರು ಸಿಗುವುದಿಲ್ಲ. ನಾನೇ ಹತ್ತಬಹುದಾ? ಎಲ್ಲರೂ ಮೇಲಿಂದ ಶೀಟ್ ಹಾಕಿಸು ಅನ್ನುತ್ತಾರೆ. — ಮುಳ್ಳೇರಿಯದ ಯುವಕ

ಉತ್ತರ: ಎಲ್ಲರೂ ಹಾಗೇ ಅನ್ನುತ್ತಾರೆ. ಶೀಟ್ ಹಾಕಿದರೆ ಸೋರುವುದು ನಿಲ್ಲುತ್ತದೆ, ಒರಲೆ ನಿಲ್ಲುವುದಿಲ್ಲ. ಕಣ್ಣಿಗೆ ಕಾಣದ ಹಾಗೆ ಅದು ತಿನ್ನುತ್ತಲೇ ಇರುತ್ತದೆ.

ಹತ್ತುವ ಮೊದಲು ಒಳಗಿಂದ ನೋಡಿ. ಮಧ್ಯಾಹ್ನ ಬಿಸಿಲಿನ ಹೊತ್ತಿಗೆ ಕಿಟಕಿ ಬಾಗಿಲು ಮುಚ್ಚಿ ಅಟ್ಟದಲ್ಲಿ ನಿಂತರೆ ಬೆಳಕಿನ ಚುಕ್ಕಿಗಳು ಕಾಣುತ್ತವೆ. ಆದರೆ ನೀರು ತೊಟ್ಟಿಕ್ಕುವ ಜಾಗದಲ್ಲೇ ಹಂಚು ಒಡೆದಿರಬೇಕೆಂದಿಲ್ಲ. ಹನಿ ರೀಪಿನ (ಹಂಚು ಕೂರುವ ಅಡ್ಡ ಪಟ್ಟಿಯ) ಮೇಲೆ ಹರಿದು, ಪಕ್ಕಾಸು ಹಿಡಿದು ಇಳಿದು ಎಲ್ಲೋ ಬೀಳುತ್ತದೆ. ಬಿದ್ದ ಜಾಗದಿಂದ ಮೇಲಕ್ಕೆ ಕಲೆಯನ್ನು ಹಿಡಿದು ಹೋಗಿ.

ಎಷ್ಟೋ ಹಂಚನ್ನು ಒಳಗಿಂದಲೇ ಬದಲಿಸಬಹುದು. ಮೇಲಿನ ಸಾಲಿನ ಹಂಚನ್ನು ಒಂದು ಕೈಯಲ್ಲಿ ಸ್ವಲ್ಪ ಎತ್ತಿ ಹಿಡಿದು, ಒಡೆದದ್ದನ್ನು ಅಲ್ಲಾಡಿಸಿ ಎಳೆಯಿರಿ. ಹೊಸದರ ಹಲ್ಲು ರೀಪಿಗೆ ಕೂತಿತಾ ಅಂತ ಬೆರಳಿನಲ್ಲಿ ಮುಟ್ಟಿ ನೋಡಿ. ಅಂಗಡಿಗೆ ಹೋಗುವಾಗ ಹಳೆಯ ಹಂಚೊಂದನ್ನು ಹಿಡಿದುಕೊಂಡೇ ಹೋಗಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು. ಒಂದೊಂದರ ಅಚ್ಚಿಗೂ ಕೂದಲೆಳೆಯ ವ್ಯತ್ಯಾಸ. ಒಂದರ ತೋಡಿಗೆ ಇನ್ನೊಂದು ಸರಿಯಾಗಿ ಕೂರದಿದ್ದರೆ ಹೊಸ ಹಂಚೇ ಸೋರುತ್ತದೆ. ಹಳೆ ಮನೆ ಕೆಡವಿದ ಕಡೆ ಹೋಗಿ ಹುಡುಕಿದರೆ ಅದೇ ಅಚ್ಚಿನದ್ದು ಸಿಗುವುದೂ ಉಂಟು. ಬೆರಳಿನ ಗೆಣ್ಣಿನಲ್ಲಿ ಬಾರಿಸಿ ನೋಡಿ, ಠಣ್ ಅಂದರೆ ತನ್ನಿ. ಮಂದ ಶಬ್ದ ಬಂದರೆ ಬಿಟ್ಟುಬಿಡಿ, ಒಳಗೆ ಬಿರುಕಿದೆ.

ಮೇಲೆ ಹತ್ತಲೇಬೇಕಾದರೆ ಒಣ ದಿನ ನೋಡಿ. ಪಾಚಿ ಹಿಡಿದ ಹಂಚಿನ ಮೇಲೆ ಒದ್ದೆಯಲ್ಲಿ ಯಾರೂ ನಿಲ್ಲಲಾರರು. ಹಂಚನ್ನು ತುಳಿಯಬೇಡಿ. ಹಲಗೆ ಅಡ್ಡ ಇಟ್ಟು ಪಕ್ಕಾಸಿನ ಮೇಲೆ ಭಾರ ಬೀಳುವ ಹಾಗೆ ನೋಡಿಕೊಳ್ಳಿ. ಸೊಂಟಕ್ಕೆ ಹಗ್ಗ ಕಟ್ಟಿ, ಆಚೆ ಬದಿಯ ಮರಕ್ಕೆ ಬಿಗಿಯಿರಿ. ಕೆಳಗೆ ಒಬ್ಬರು ಇರಲೇಬೇಕು. ಅಲ್ಯೂಮಿನಿಯಂ ಏಣಿ ಎತ್ತುವಾಗ ಕಂಬದಿಂದ ಮನೆಗೆ ಬರುವ ವಯರ್ ಎಲ್ಲಿದೆ ನೋಡಿ. ಅಡಿಕೆ ಕೊಯ್ಯುವ ದೋಟಿ ತಂತಿಗೆ ತಾಗಿ ಪ್ರಾಣ ಹೋದ ಸುದ್ದಿ ನಮ್ಮ ಊರುಗಳಿಗೆ ಹೊಸದಲ್ಲ.

ಪಕ್ಕಾಸನ್ನು ಸ್ಕ್ರೂಡ್ರೈವರಿನಲ್ಲಿ ಚುಚ್ಚಿ ನೋಡಿ. ಹುಡಿ ಮೇಲ್ಮೈಯಲ್ಲಿ ಮಾತ್ರ ಇದ್ದರೆ ಕೆರೆದು ತೆಗೆದು ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯಿರಿ. ಹಳಬರು ದೋಣಿಗೂ ಮಾಡಿಗೂ ಬಳಿಯುತ್ತಿದ್ದದ್ದು ಅದನ್ನೇ. ಮೈಗೆ ತಾಗಿದರೆ ಹೊಪ್ಪಳೆ ಬರುತ್ತದೆ, ಗ್ಲೌಸ್, ಉದ್ದ ತೋಳಿನ ಅಂಗಿ ಬೇಕೇ ಬೇಕು. ತಲೆಯ ಮೇಲೆ ಎತ್ತಿ ಬಳಿಯುವಾಗ ಕಣ್ಣಿಗೆ ಕನ್ನಡಕ ಹಾಕಿ. ಸ್ಕ್ರೂಡ್ರೈವರ್ ಸಲೀಸಾಗಿ ಒಳಗೆ ಇಳಿದರೆ ಆ ಪಕ್ಕಾಸು ಬದಲಿಸಬೇಕು. ಅದು ಆಚಾರಿಯ ಕೆಲಸ. ಒರಲೆಯ ಮಣ್ಣಿನ ಗೆರೆ ಗೋಡೆಯ ಮೇಲೆ ಎಲ್ಲಿಂದ ಬರುತ್ತಿದೆ ಅಂತ ಬುಡದವರೆಗೆ ಹುಡುಕಿ. ಹೆಚ್ಚಾಗಿ ಅದು ಒದ್ದೆ ಇರುವ ಮೂಲೆಯಿಂದಲೇ ಹೊರಟಿರುತ್ತದೆ. ಮೊದಲ ಪ್ರಶ್ನೆಯ ಉತ್ತರ ಅಲ್ಲಿಗೂ ಆಗುತ್ತದೆ.

ಪ್ರಶ್ನೆ: ತಮ್ಮ ಐಟಿಐ ಕಲಿಯುತ್ತಿದ್ದಾನೆ. ಹಳೆ ವಯರಿಂಗ್ ಎಲ್ಲ ತೆಗೆದು ಅವನ ಹತ್ತಿರವೇ ಮಾಡಿಸಬಹುದಾ? — ಹೊಸಂಗಡಿ

ಉತ್ತರ: ಬೇಡ. ಲೈಸೆನ್ಸ್ ಇರುವವರ ಹತ್ತಿರ ಮಾಡಿಸಿ, ತಮ್ಮ ಜತೆಗಿದ್ದು ಕಲಿಯಲಿ. ನೀವು ಮಾಡಬಹುದಾದ್ದು ಬೇಕಾದಷ್ಟಿದೆ. ಸ್ವಿಚ್ಚು, ಪ್ಲಗ್ಗು ಎಲ್ಲಿ ಬೇಕು ಅಂತ ಗುರುತು ಹಾಕಿ, ಪೈಪಿಗೆ ಗೋಡೆ ಕೊರೆದು ಕೊಡಿ, ಕೊನೆಗೆ ತೇಪೆ ಹಾಕಿ. ಕೂಲಿ ತುಂಬ ಉಳಿಯುತ್ತದೆ. ವಯರ್ ತರುವಾಗ ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿಲಿಮೀಟರ್ ಅಂತ ನೆನಪಿಟ್ಟುಕೊಳ್ಳಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು, ಹಾಕಿಸದೆ ಕೆಲಸ ಮುಗಿಯಿತು ಅನ್ನಬೇಡಿ. ಒದ್ದೆ ಗೋಡೆಯ ಊರಿನಲ್ಲಿ ಜೀವ ಉಳಿಸುವುದು ಅದೇ. ಅದರ ಮೇಲೆ ‘ಟಿ’ ಅಂತ ಬರೆದ ಒತ್ತುಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಿ. ಕರೆಂಟ್ ಹೋಗದಿದ್ದರೆ ಅದು ಕೆಟ್ಟಿದೆ ಅಂತಲೇ ಅರ್ಥ.

ಪ್ರಶ್ನೆ: ಸಾರಣೆ, ಬಣ್ಣ, ಹಂಚು ಬದಲಿಸುವುದಕ್ಕೆಲ್ಲ ಪಂಚಾಯತಿನ ಪರ್ಮಿಟ್ ಬೇಕಾ? — ಕುಂಬಳೆ

ಉತ್ತರ: ಸಾರಣೆ, ಬಣ್ಣ, ಸಣ್ಣಪುಟ್ಟ ರಿಪೇರಿಗೆ ಬೇಡ. ಹೊಸ ಕೋಣೆ ಸೇರಿಸುವುದಾದರೆ, ಉಪ್ಪರಿಗೆ ಎಬ್ಬಿಸುವುದಾದರೆ ಬೇಕು. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ, ಬರೆಯುವವರು ಇದ್ದರೆ ತಾನೇ ಓದುವವರೂ ಇರುವುದು.

ಪ್ರಶ್ನೆ: ಮಗಳು ಬಾಣಂತನಕ್ಕೆ ಬರುವವಳಿದ್ದಾಳೆ. ಅಷ್ಟರೊಳಗೆ ಹಳೆ ಕಿಟಕಿ, ದಾರಂದಗಳ ಬಣ್ಣ ಉಜ್ಜಿ ತೆಗೆದು ಹೊಸ ಬಣ್ಣ ಹೊಡೆಯಬೇಕೆಂದಿದ್ದೇನೆ. ಯಾವ ನಂಬರಿನ ಮರಳು ಕಾಗದ ಒಳ್ಳೆಯದು? — ನೀರ್ಚಾಲಿನ ಅಮ್ಮ

ಉತ್ತರ: ಅಮ್ಮಾ, ನಂಬರಿನ ವಿಷಯ ಆಮೇಲೆ. ಹಳೆಯ ಎನಾಮಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ನಮ್ಮ ದೇಶದಲ್ಲಿ ಮನೆ ಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮಿತಿ ಕಾನೂನಾಗಿ ಬಂದದ್ದೇ 2017ರ ನವೆಂಬರಿನಲ್ಲಿ. ನಿಮ್ಮ ಕಿಟಕಿಯ ಬಣ್ಣ ಅದಕ್ಕಿಂತ ಎಷ್ಟೋ ಹಿಂದಿನದ್ದು. ಒಣಗಿದ್ದನ್ನು ಉಜ್ಜಿದರೆ ಸೀಸದ ಧೂಳು ಮನೆಯೆಲ್ಲ ಹರಡುತ್ತದೆ. ಬಸುರಿಗೂ ಹೊಟ್ಟೆಯ ಮಗುವಿಗೂ ಅದು ವಿಷ. ಬೆಂಕಿ ಹಿಡಿದು ಸುಟ್ಟು ತೆಗೆಯುವುದಂತೂ ಬೇಡವೇ ಬೇಡ.

ಹಳೆ ಬಣ್ಣ ಗಟ್ಟಿಯಾಗಿ ಹಿಡಿದಿದ್ದರೆ ಅದನ್ನು ಸಾಬೂನು ನೀರಿನಲ್ಲಿ ಒರೆಸಿ, ಒಣಗಿಸಿ, ಅದರ ಮೇಲೇ ಪ್ರೈಮರ್ ಹೊಡೆಯಿರಿ. ಏಳುತ್ತಿರುವ ಕಡೆ ಮಾತ್ರ ನೀರು ಚಿಮುಕಿಸಿ, ಒದ್ದೆ ಇರುವಾಗಲೇ ನೀರಿನ ಮರಳು ಕಾಗದದಲ್ಲಿ ಉಜ್ಜಿ. ನೂರಿಪ್ಪತ್ತರ ನಂಬರು ಸಾಕು. ಕೆಳಗೆ ಪ್ಲಾಸ್ಟಿಕ್ ಹಾಸಿ, ಬಿದ್ದದ್ದನ್ನೆಲ್ಲ ಮಡಚಿ ಕಟ್ಟಿ ತೆಗೆಯಿರಿ. ಅಂಗಳಕ್ಕೆ ಗುಡಿಸಬೇಡಿ, ಒಲೆಗೂ ಹಾಕಬೇಡಿ. ಇದೆಲ್ಲ ಮಗಳು ಬರುವ ತಿಂಗಳ ಮೊದಲೇ ಮುಗಿಯಲಿ. ಆಗದಿದ್ದರೆ ಕಿಟಕಿ ಹಾಗೇ ಇರಲಿ, ಮೊಮ್ಮಗುವಿಗೆ ಅದರ ಬಣ್ಣದ ಗೊಡವೆ ಇಲ್ಲ.

ಪ್ರಶ್ನೆ: ಅಜ್ಜನ ಕಾಲದ ಕೆಂಪು ನೆಲ ಅಲ್ಲಲ್ಲಿ ಬಿರುಕು ಬಿಟ್ಟಿದೆ. ಮೊಬೈಲಿನಲ್ಲಿ ವೀಡಿಯೊ ನೋಡಿ ಅದರ ಮೇಲೇ ಟೈಲ್ಸ್ ಅಂಟಿಸಬೇಕೆಂದಿದ್ದೇವೆ. ಆಗಬಹುದಾ? — ಪೆರ್ಲ

ಉತ್ತರ: ಆಗುತ್ತದೆ. ಆದರೆ ಯಾಕೆ? ಮೇ ತಿಂಗಳಲ್ಲಿ ಬರಿಮೈಯಲ್ಲಿ ಮಲಗುವ ಸುಖ ಆ ಕೆಂಪು ನೆಲದಲ್ಲಿ ಇದ್ದ ಹಾಗೆ ಬೇರೆಲ್ಲೂ ಇಲ್ಲ. ಇದು ನನ್ನ ಪಕ್ಷಪಾತ, ಒಪ್ಪುತ್ತೇನೆ.

ಹಾಕಲೇಬೇಕೆಂದಿದ್ದರೆ ಮೊದಲು ಬಾಗಿಲು ನೋಡಿ. ಅಂಟಿನಲ್ಲಿ ಹಾಕಿದರೆ ನೆಲ ಅರ್ಧ ಇಂಚಿನಷ್ಟು ಏರುತ್ತದೆ. ಸಿಮೆಂಟಿನಲ್ಲಿ ಹಾಕಿದರೆ ಒಂದು ಇಂಚಿಗೂ ಜಾಸ್ತಿ. ಎಲ್ಲ ಬಾಗಿಲ ಅಡಿಯನ್ನೂ ಕೊಯ್ಯಬೇಕು, ಹೊಸ್ತಿಲು ತಗ್ಗಾಗುತ್ತದೆ. ಎಣ್ಣೆ ಕುಡಿದು ನುಣುಪಾದ ನೆಲಕ್ಕೆ ಅಂಟು ಹಿಡಿಯುವುದಿಲ್ಲ. ಇಡೀ ನೆಲವನ್ನು ಉಳಿಯಲ್ಲಿ ಚಚ್ಚಿ ಒರಟು ಮಾಡಬೇಕು. ವೀಡಿಯೊದಲ್ಲಿ ಆ ಭಾಗವನ್ನು ಓಡಿಸಿ ತೋರಿಸಿರುತ್ತಾರೆ. ಬಿರುಕು ಮಾತ್ರ ತೊಂದರೆ ಆದರೆ ಅದನ್ನು ಕೆರೆದು ಧೂಳು ತೆಗೆದು, ಸಿಮೆಂಟಿಗೆ ಕೆಂಪು ಆಕ್ಸೈಡ್ ಕಲಸಿ ತುಂಬಿ. ಒಣಗಿದ ಮೇಲೆ ಬಣ್ಣ ಬೇರೆಯಾಗುತ್ತದೆ. ಮೊದಲು ಒಂದು ಒಡೆದ ಹಂಚಿನ ಮೇಲೆ ಕಲಸಿ ಒಣಗಿಸಿ ನೋಡಿ. ಒಂದು ವಾರ ಒದ್ದೆ ಇಟ್ಟು, ಪೂರ್ತಿ ಒಣಗಿದ ಮೇಲೆ ಬಟ್ಟೆಯಲ್ಲಿ ತೆಂಗಿನೆಣ್ಣೆ ತೆಳ್ಳಗೆ ಒರೆಸಿ. ಗೆರೆ ಕಾಣುತ್ತದೆ. ಕಾಣಲಿ. ಮನೆಯಲ್ಲಿ ವಯಸ್ಸಾದವರಿದ್ದರೆ ಎಣ್ಣೆ ಒರೆಸಿದ ದಿನ ಆ ಕೋಣೆಗೆ ಬಿಡಬೇಡಿ.

ಪ್ರಶ್ನೆ: ಯಜಮಾನರು ಈಗ ಬಾತ್‌ರೂಮ್ ನೆಲವನ್ನು ತಾನೇ ಮಾಡುತ್ತೇನೆ ಅಂತ ಹೊರಟಿದ್ದಾರೆ. ಹಿಂದೆ ಶುರು ಮಾಡಿದ ಮೂರು ಕೆಲಸ ಅರ್ಧದಲ್ಲಿವೆ. ತಡೆಯುವ ದಾರಿ ಹೇಳಿ ಅಕ್ಕ. ಹೆಸರು ಹಾಕಬೇಡಿ. — ಅಡೂರು

ಉತ್ತರ: ಹೆಸರು ಹಾಕಿಲ್ಲ. ತಡೆಯುವುದು ಕಷ್ಟ, ಕ್ರಮಕ್ಕೆ ತರಬಹುದು. ಹಳೆಯ ಮೂರರಲ್ಲಿ ಒಂದಾದರೂ ಮುಗಿಯದೆ ಬಾತ್‌ರೂಮಿನ ಒಂದು ಕಲ್ಲನ್ನೂ ಮುಟ್ಟುವ ಹಾಗಿಲ್ಲ ಅಂತ ಹೇಳಿ. ಒಂದೇ ಬಾತ್‌ರೂಮ್ ಇರುವ ಮನೆಯಾದರೆ ಅಂಗಳದ ಮೂಲೆಯಲ್ಲಿ ಸ್ನಾನಕ್ಕೆ ಒಂದು ಮರೆ ಕಟ್ಟಿದ ಮೇಲೆಯೇ ಕೆಲಸ ಶುರುವಾಗಲಿ. ಮರೆ ಅವರೇ ಕಟ್ಟಲಿ, ಅಭ್ಯಾಸವೂ ಆಯಿತು.

ನೆಲದ ಇಳಿಜಾರು ಒಂದು ಮೀಟರಿಗೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಇರಲಿ. ರಸಮಟ್ಟ ಇಟ್ಟು ನೋಡಲಿ, ಕಣ್ಣಂದಾಜು ಬೇಡ. ಟೈಲ್ಸ್ ಹಾಕುವ ಮೊದಲು ನೀರು ತಡೆಯುವ ಪದರವನ್ನು ಗೋಡೆಗೂ ಒಂದು ಅಡಿ ಏರಿಸಿ ಬಳಿಯಬೇಕು. ಅದು ಒಣಗಿದ ಮೇಲೆ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿ. ಇಪ್ಪತ್ತನಾಲ್ಕು ಗಂಟೆ ಬಿಟ್ಟು ಮಟ್ಟ ಇಳಿದಿದೆಯಾ, ಆಚೆ ಕೋಣೆಯ ಗೋಡೆ ಒದ್ದೆಯಾಗಿದೆಯಾ ಅಂತ ನೋಡಿ. ಆ ಗೆರೆಯನ್ನು ನೀವೇ ಹಾಕಿ, ನೀವೇ ನೋಡಿ. ಇಳಿದಿದ್ದರೆ ಪುನಃ ಬಳಿಯಲಿ. ಇಳಿಯದಿದ್ದರೆ ಟೈಲ್ಸ್ ತರಲು ದುಡ್ಡು ಕೊಡಿ. ಮೊದಲೇ ಕೊಡಬೇಡಿ.